ಬಹಮನಿ ಕೋಟೆಯ ಮದ್ದು ಮತ್ತು ಪೆಟ್ಲುಪ್ಪಿನ ಲೆಕ್ಕ

ಪಿಯುಸಿ ಕೆಮಿಸ್ಟ್ರಿಯಲ್ಲಿ 'ಲಿಮಿಟಿಂಗ್ ರಿಯೇಜೆಂಟ್' ಅಂತ ಒಂದು ಲೆಕ್ಕ ಬರುತ್ತಿತ್ತಲ್ಲ, ನೆನಪಿದೆಯಾ? "ಇಷ್ಟು ಗ್ರಾಂ ಇದು, ಅಷ್ಟು ಗ್ರಾಂ ಅದು ಸೇರಿಸಿದರೆ ಎಷ್ಟು ಗ್ರಾಂ ಉತ್ಪನ್ನ ಬರುತ್ತದೆ?" ಅನ್ನೋ ಪ್ರಶ್ನೆ. ನಮ್ಮಲ್ಲಿ ಬಹಳ ಜನ ಅದನ್ನ ಸೂತ್ರ ಬಾಯಿಪಾಠ ಮಾಡಿ ಪಾಸಾಗಿ, ಇಂಜಿನಿಯರಿಂಗ್ ಮುಗಿಸಿ, ಈಗ ಕಂಪ್ಯೂಟರ್ ಮುಂದೆ ಕೂತವರು :-) ಅದನ್ನ ಈಗ ಯಾಕೆ ತೆಗೆದೆ ಅಂದರೆ, ನಮ್ಮ ಕಡೆಯ ಇತಿಹಾಸದ ಒಂದು ದೊಡ್ಡ ತುಂಡು ಈ ಲೆಕ್ಕದೊಳಗೆ ಕೂತಿದೆ ಅಂತ ನನಗೆ ಅನ್ನಿಸಿದೆ.

ನಮ್ಮ ಕಡೆ ಅಂದರೆ ಆಳಂದ ತಾಲೂಕಿನ ಜಿಡಗಾ. ಮಠದಿಂದಾಗಿ ಕೆಲವರಿಗೆ ಹೆಸರು ಗೊತ್ತಿರಬಹುದು. ಸುತ್ತ ಕರಿ ಎರೆಮಣ್ಣು, ತೊಗರಿ, ಜೋಳ. ಆಳಂದದಿಂದ ಗುಲ್ಬರ್ಗಾಕ್ಕೆ (ಈಗಿನ ಕಲಬುರಗಿಗೆ) ಸುಮಾರು 40 ಕಿಲೋಮೀಟರ್. ಅಲ್ಲಿನ ಕೋಟೆಯಲ್ಲಿ 'ಬಾರಾ ಗಜಿ ತೋಪು' ಅಂತ ಸುಮಾರು 29 ಅಡಿ ಉದ್ದದ ಒಂದು ಫಿರಂಗಿ ಇದೆ. ನೋಡೋಕೆ ಹೋದವರೆಲ್ಲ ಅದರ ಉದ್ದ ನೋಡಿ ಬಾಯಿ ತೆರೆಯುತ್ತಾರೆ, ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅದರ ಹೊಟ್ಟೆಗೆ ಹಾಕೋ ಮದ್ದು ಎಲ್ಲಿಂದ ಬರುತ್ತಿತ್ತು ಅಂತ ಕೇಳುವವರು ಕಡಿಮೆ. ಇವತ್ತಿನ ಬರಹ ಆ ಮದ್ದಿನ ಬಗ್ಗೆ.

ಮೊದಲು ಲೆಕ್ಕ

ಒಂದು ಚಕ್ಕಡಿ ಕಟ್ಟಲಿಕ್ಕೆ ಎರಡು ಗಾಲಿ, ಒಂದು ಅಚ್ಚು, ಒಂದು ನೊಗ ಬೇಕು ಅಂತಿಟ್ಟುಕೊಳ್ಳಿ. ಬಡಿಗನ ಹತ್ತಿರ 10 ಗಾಲಿ, 6 ಅಚ್ಚು, 7 ನೊಗ ಇವೆ. ಎಷ್ಟು ಚಕ್ಕಡಿ ಆಗುತ್ತವೆ? ಐದೇ. ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರೋದು ಗಾಲಿ, ಆದರೂ ಕೆಲಸ ನಿಲ್ಲಿಸೋದೂ ಗಾಲಿಯೇ! ಯಾವುದು 'ಕಡಿಮೆ' ಅನ್ನೋದನ್ನ ಎಣಿಕೆಯಿಂದ ಹೇಳೋಕಾಗಲ್ಲ. ಇರೋದನ್ನ ಬೇಕಾದ ಪ್ರಮಾಣದಿಂದ ಭಾಗಿಸಿ ನೋಡಬೇಕು. ಯಾವುದರ ಭಾಗಲಬ್ಧ ಎಲ್ಲಕ್ಕಿಂತ ಸಣ್ಣದೋ ಅದೇ ಮಿತಿ. ಇದನ್ನ ಕನ್ನಡದಲ್ಲಿ 'ಮಿತಿಕಾರಕ' ಅನ್ನೋಣವೇ? (ಇದಕ್ಕಿಂತ ಒಳ್ಳೆ ಪದ ಇದ್ದರೆ ಹೇಳಿ.) ನಮ್ಮ ಸಾಫ್ಟ್‌ವೇರ್ ಜನ ಇದನ್ನೇ 'ಬಾಟಲ್‌ನೆಕ್' ಅಂತಾರೆ.

ಈಗ ಮದ್ದಿಗೆ ಬರೋಣ. ಕೋವಿಮದ್ದು ಮೂರೇ ಸಾಮಾನಿನದು: ಪೆಟ್ಲುಪ್ಪು, ಗಂಧಕ, ಇದ್ದಲು. ಪೆಟ್ಲು ಅಂದರೆ ಸಿಡಿಯುವ ಆಟದ ಕೋವಿ. ಸಿಡಿಸುವ ಉಪ್ಪು ಪೆಟ್ಲುಪ್ಪು, ಎಂಥ ಚಂದದ ಹೆಸರು ನೋಡಿ. ರಸಾಯನಶಾಸ್ತ್ರದಲ್ಲಿ ಇದು ಪೊಟ್ಯಾಸಿಯಂ ನೈಟ್ರೇಟ್. ಇದ್ದಲು, ಗಂಧಕ ಉರಿಯೋಕೆ ಆಮ್ಲಜನಕ ಬೇಕಲ್ಲ, ಅದನ್ನ ಗಾಳಿಯಿಂದ ಕಾಯದೆ ಒಳಗಿನಿಂದಲೇ ಕೊಡೋದು ಇದರ ಕೆಲಸ.

ಪಠ್ಯಪುಸ್ತಕದ ಸರಳ ಸಮೀಕರಣವನ್ನ ಮಾತಿನಲ್ಲಿ ಹೇಳೋದಾದರೆ: ಎರಡು ಮೋಲ್ ಪೆಟ್ಲುಪ್ಪು, ಒಂದು ಮೋಲ್ ಗಂಧಕ, ಮೂರು ಮೋಲ್ ಇಂಗಾಲ ಸೇರಿ ಒಂದು ಮೋಲ್ ಪೊಟ್ಯಾಸಿಯಂ ಸಲ್ಫೈಡ್, ಒಂದು ಮೋಲ್ ಸಾರಜನಕ, ಮೂರು ಮೋಲ್ ಇಂಗಾಲದ ಡೈ ಆಕ್ಸೈಡ್ ಆಗುತ್ತವೆ. ತೂಕಕ್ಕೆ ತಿರುಗಿಸಿದರೆ:

ಪೆಟ್ಲುಪ್ಪು 2 x 101 = 202
ಗಂಧಕ 32
ಇಂಗಾಲ 3 x 12 = 36
ಒಟ್ಟು 270

ಆಚೆ ಕಡೆ: ಸಲ್ಫೈಡ್ 110, ಸಾರಜನಕ 28, ಇಂಗಾಲದ ಡೈ ಆಕ್ಸೈಡ್ 132. ಅದೂ 270. ಲೆಕ್ಕ ತಾಳೆಯಾಯಿತು.

ಈಗ ಒಂದು ಕೋಟೆಯ ಉಗ್ರಾಣದಲ್ಲಿ 60 ಕಿಲೋ ಪೆಟ್ಲುಪ್ಪು, 12 ಕಿಲೋ ಗಂಧಕ, 20 ಕಿಲೋ ಇದ್ದಲು ಇದೆ ಅಂತ ಊಹಿಸಿ. (ಇದ್ದಲು ಶುದ್ಧ ಇಂಗಾಲ ಅಂತಲೇ ಸದ್ಯಕ್ಕೆ ಇಟ್ಟುಕೊಳ್ಳೋಣ.) ಭಾಗಿಸಿ ನೋಡಿ:

60 / 202 = 0.297
12 / 32 = 0.375
20 / 36 = 0.556

ತೂಕದಲ್ಲಿ ಪೆಟ್ಲುಪ್ಪೇ ರಾಶಿ ರಾಶಿ ಇದೆ, ಆದರೂ ಮಿತಿಕಾರಕ ಅದೇ. ಆ 60 ಕಿಲೋಗೆ ಜೊತೆಯಾಗೋದು 9.5 ಕಿಲೋ ಗಂಧಕ, 10.7 ಕಿಲೋ ಇದ್ದಲು ಮಾತ್ರ. ಅದರಿಂದ ಹುಟ್ಟುವ ಅನಿಲ: ಸಾರಜನಕ 8.3 ಕಿಲೋ, ಇಂಗಾಲದ ಡೈ ಆಕ್ಸೈಡ್ 39.2 ಕಿಲೋ, ಒಟ್ಟು ಸುಮಾರು 47.5 ಕಿಲೋ. ಗುಂಡನ್ನ ತಳ್ಳೋದು ಈ ಅನಿಲವೇ. ಉಳಿದ 2.5 ಕಿಲೋ ಗಂಧಕ, 9.3 ಕಿಲೋ ಇದ್ದಲು ಈ ಸಮೀಕರಣದ ಪ್ರಕಾರ ಸುಮ್ಮನೆ ಕೂರುತ್ತವೆ. ಕಾಡಿನಿಂದ ಇನ್ನೂ ಹತ್ತು ಗಾಡಿ ಇದ್ದಲು ತರಿಸಿ, ಫಿರಂಗಿಗೆ ಅದರಿಂದ ಬಲ ಬರಲ್ಲ. ಕೋಟೆಯ ಶಕ್ತಿ ಅಳೆಯಬೇಕಾದರೆ ಪೆಟ್ಲುಪ್ಪಿನ ಚೀಲ ಎಣಿಸಬೇಕು.

ಕೈಯಳತೆಯ ರಸಾಯನ

ಮೇಲಿನ 202, 32, 36ನ್ನ ಶೇಕಡಾಕ್ಕೆ ತಿರುಗಿಸಿದರೆ 74.8, 11.9, 13.3 ಬರುತ್ತದೆ. ಕೋವಿಮದ್ದಿನ ಪ್ರಸಿದ್ಧ ಪ್ರಮಾಣ ಎಷ್ಟು ಗೊತ್ತಾ? ಪೆಟ್ಲುಪ್ಪು 75, ಇದ್ದಲು 15, ಗಂಧಕ 10. ಪರಮಾಣು ತೂಕ ಅನ್ನೋ ಮಾತೇ ಹುಟ್ಟದ ಕಾಲದಲ್ಲಿ ಜನ ಇದಕ್ಕೆ ಇಷ್ಟು ಹತ್ತಿರ ಬಂದಿದ್ದರು!

ಒಂದೇ ದಿನ ಬಂದಿದ್ದಲ್ಲ. ಚೀನಾದ ವುಜಿಂಗ್ ಜೊಂಗ್‌ಯಾವ್ ಎಂಬ ಯುದ್ಧಗ್ರಂಥದಲ್ಲಿ (1044) ಮದ್ದಿನ ಪಾಕಗಳಿವೆ. ಅವುಗಳಲ್ಲಿ ಪೆಟ್ಲುಪ್ಪಿನ ಪಾಲು ಕಡಿಮೆ. ಅವು ಭುಗಿಲ್ ಅಂತ ಉರಿಯುವ ಜಾತಿಯವು, ಗುಂಡು ಹಾರಿಸುವಂಥವಲ್ಲ. ಮುಂದಿನ ಕೆಲವು ಶತಮಾನಗಳಲ್ಲಿ ಏಷ್ಯಾದಲ್ಲೂ ಯುರೋಪಿನಲ್ಲೂ ಆ ಪಾಲು ಏರುತ್ತಾ ಏರುತ್ತಾ ಮುಕ್ಕಾಲಿನ ಹತ್ತಿರ ಬಂದು ನಿಂತಿತು. ಸುಟ್ಟು ನೋಡಿ, ಹೊಗೆ ನೋಡಿ, ಗುಂಡು ಎಷ್ಟು ದೂರ ಬಿತ್ತು ಅಂತ ನೋಡಿ ಕಲಿತದ್ದು.

ಸ್ವಲ್ಪ ಕಣ್ಣು ಚುರುಕಾದವರು ಇಲ್ಲೊಂದು ತಕರಾರು ತೆಗೆಯಬಹುದು. 75-15-10ನ್ನ ಅದೇ ಸಮೀಕರಣಕ್ಕೆ ಹಾಕಿದರೆ 10 / 32 = 0.31, ಅಂದರೆ ಗಂಧಕವೇ ಮಿತಿಕಾರಕ ಆಗುತ್ತೆ, ಪೆಟ್ಲುಪ್ಪು ಸುಮಾರು 12 ಭಾಗ ಉಳಿಯುತ್ತೆ. ಹಾಗಾದರೆ ಹಳಬರು ತಪ್ಪಿದರಾ? ಇಲ್ಲ. ಉಳಿದ ಪೆಟ್ಲುಪ್ಪು ಗಂಧಕದ ಹಂಗಿಲ್ಲದೆ ಇಂಗಾಲದ ಜೊತೆಗೇ ವರ್ತಿಸಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗಬಲ್ಲದು. ಅದಕ್ಕೆ ಇನ್ನೂ 1.8 ಭಾಗ ಇಂಗಾಲ ಬೇಕು. ಗಂಧಕದ ಪಾಲಿನ ಜೊತೆಗೆ ಆಗಲೇ 11.2 ಭಾಗ ಖರ್ಚಾಗಿದೆ. ಒಟ್ಟು 13. ಇದ್ದಲಿನಲ್ಲಿ ಶುದ್ಧ ಇಂಗಾಲ ನೂರಕ್ಕೆ 80-85 ಅಂತ ಹಿಡಿದರೆ 15 ಭಾಗ ಇದ್ದಲಲ್ಲಿ ಸಿಗೋದು 12ರಿಂದ 12.75. ಅಂದರೆ ಮೂರೂ ಸಾಮಾನು ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ, ಯಾವುದೂ ದಂಡವಾಗಲ್ಲ. ಇದನ್ನ ಕಾಗದದ ಮೇಲೆ ಹಾಕಿ ನೋಡಿದಾಗ ನನಗಂತೂ ರೋಮಾಂಚನವಾಯಿತು.

ನಿಜವಾದ ಸ್ಫೋಟ ಇದಕ್ಕಿಂತಲೂ ಗೋಜಲು. 1857ರಲ್ಲಿ ಬುನ್ಸೆನ್ ಮತ್ತು ಶಿಶ್‌ಕೋವ್, 1875ರಲ್ಲಿ ನೋಬಲ್ ಮತ್ತು ಏಬೆಲ್ ಮದ್ದು ಉರಿಸಿ ಉಳಿದದ್ದನ್ನ ತೂಗಿ ನೋಡಿದರು. ಸಲ್ಫೇಟು, ಕಾರ್ಬೊನೇಟು, ಇಂಗಾಲದ ಮಾನಾಕ್ಸೈಡು ಎಲ್ಲ ಸಿಕ್ಕವು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಸ್ತು. ಹಳೆಯ ಯುದ್ಧಗಳಲ್ಲಿ ರಣರಂಗವೇ ಬಿಳಿ ಹೊಗೆಯಲ್ಲಿ ಮುಳುಗುತ್ತಿದ್ದುದು ಇದಕ್ಕೇ.

1366ರ ಕಾರ್ಖಾನೆ ನಿಜವೇ?

ಈಗ ಇತಿಹಾಸ. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿತು, ಗುಲ್ಬರ್ಗಾ ರಾಜಧಾನಿ. ಎರಡನೇ ಸುಲ್ತಾನ ಒಂದನೇ ಮುಹಮ್ಮದ್ ಷಾ (ಆಳ್ವಿಕೆ 1358-1375) ವಿಜಯನಗರದ ಬುಕ್ಕರಾಯನ ಮೇಲೆ ಯುದ್ಧಕ್ಕೆ ಹೋಗುವಾಗ, 1366ರ ಸುಮಾರಿಗೆ, ತೋಪುಮದ್ದಿನ ಒಂದು ಕಾರ್ಖಾನೆಯನ್ನೇ ತೆರೆದ ಅಂತ ಫೆರಿಷ್ತಾ ಬರೆದಿದ್ದಾನೆ. ನಮ್ಮ ಕಡೆಯವರಿಗೆ ಇದು ಹೆಮ್ಮೆಯ ಮಾತು. "ಭಾರತದಲ್ಲೇ ಮೊದಲು ಫಿರಂಗಿ ಹಾರಿದ್ದು ನಮ್ಮಲ್ಲಿ" ಅಂತ ಹೇಳಿಕೊಳ್ಳುವವರಿದ್ದಾರೆ.

ಆದರೆ ಫೆರಿಷ್ತಾ ಇದನ್ನ ಬರೆದಿದ್ದು ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ, 17ನೇ ಶತಮಾನದ ಆರಂಭದಲ್ಲಿ. ಅಂದರೆ ಘಟನೆಯಾಗಿ ಸುಮಾರು 240 ವರ್ಷದ ಮೇಲೆ. ಆ ತೋಪುಖಾನೆಯಲ್ಲಿ ರೂಮಿಗಳ ಜೊತೆ ಫರಂಗಿಗಳೂ ಇದ್ದರು ಅಂತಾನೆ. ಪೋರ್ಚುಗೀಸರು ಹಡಗಿನಲ್ಲಿ ಬಂದಿದ್ದೇ 1498ರಲ್ಲಿ! ತನ್ನ ಕಾಲದ ದೃಶ್ಯವನ್ನ ಹಿಂದಕ್ಕೆ ಹೊತ್ತೊಯ್ದು ಅಂಟಿಸಿದ್ದಾನೆ ಅಂತ ಹಲವು ಇತಿಹಾಸಕಾರರ ಗುಮಾನಿ. ಅದು ಫಿರಂಗಿ ಇರಲಿಕ್ಕಿಲ್ಲ, ಬೆಂಕಿಬಾಣ, ಪಟಾಕಿಯಂಥ ಸಿಡಿಮದ್ದು ಇರಬಹುದು ಅನ್ನುವವರಿದ್ದಾರೆ.

ನನಗೆ ಈ ಗುಮಾನಿ ಸರಿ ಅನ್ನಿಸುತ್ತೆ. ಕಾರಣ ಮತ್ತೆ ಲೆಕ್ಕವೇ. ಬಾಣಕ್ಕೆ, ಸಿಡಿಮದ್ದಿಗೆ ಹಿಡಿ ಹಿಡಿ ಪೆಟ್ಲುಪ್ಪು ಸಾಕು. ಒಂದು ಇಡೀ ಯುದ್ಧಕ್ಕೆ ಫಿರಂಗಿ ಹೂಡಬೇಕಾದರೆ ಟನ್ನುಗಟ್ಟಲೆ ಬೇಕು. ಅದನ್ನ ಊರೂರಿಂದ ಒಟ್ಟುಮಾಡುವ ವ್ಯವಸ್ಥೆ ಮೊದಲು ಬೇಕು. ಅಂಥದ್ದು ಒಬ್ಬ ಸುಲ್ತಾನನ ಒಂದು ಹುಕುಮಿನಿಂದ ಒಂದೇ ವರ್ಷದಲ್ಲಿ ಏಳುವುದು ಕಷ್ಟ.

ಅನುಮಾನ ಕಡಿಮೆ ಇರುವ ಸಂಗತಿಗಳು ನಂತರದವು. 1472ರಲ್ಲಿ ಬೆಳಗಾವಿ ಕೋಟೆ ಮುತ್ತಿದಾಗ ಬಹಮನಿ ಸೈನ್ಯ ಗೋಡೆಯಡಿ ಸುರಂಗ ತೋಡಿ, ಮದ್ದು ತುಂಬಿ ಹಾರಿಸಿತು. ಆಗ ವಜೀರನಾಗಿದ್ದವನು ಮಹಮೂದ್ ಗವಾನ್. 1520ರ ರಾಯಚೂರು ಯುದ್ಧದ ಹೊತ್ತಿಗೆ ಆದಿಲ್ ಷಾಹಿ ಕಡೆ ದೊಡ್ಡ ತೋಪುಖಾನೆ ಇತ್ತು, ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಕೋವಿಕಾರರು ಇದ್ದರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಈಗಲೂ ಬಿಜಾಪುರದ ಬುರುಜಿನ ಮೇಲಿದೆ, ಸುಮಾರು 55 ಟನ್ ತೂಕ. ಇಷ್ಟು ದೊಡ್ಡ ಬಾಯಿಗಳಿಗೆ ಮದ್ದು ಹಾಕಬೇಕಾದರೆ ಹಿಂದೆ ಎಷ್ಟು ಊರುಗಳು ದುಡಿದಿರಬೇಕು ಯೋಚಿಸಿ.

ಕೂಡಿಟ್ಟ ಮದ್ದು ತಿರುಗಿ ಕಚ್ಚಿದ್ದೂ ಇದೆ. 1657ರಲ್ಲಿ ಔರಂಗಜೇಬನ ಸೈನ್ಯ ಬೀದರ್ ಮುತ್ತಿದಾಗ ಒಂದು ಬಾಣದ ಕಿಡಿ ಬುರುಜಿನ ಹಿಂದಿನ ಮದ್ದಿಗೆ ಬಿದ್ದು, ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಸುಟ್ಟು ಗಾಯಗೊಂಡು ತೀರಿಕೊಂಡ, ಕೋಟೆ ಬಿತ್ತು. ಅದೇ ಊರಿನ ಗವಾನನ ಮದರಸಾ, 1472ರಲ್ಲಿ ಕಟ್ಟಿದ ಆ ಚೆಲುವಾದ ಕಟ್ಟಡ, ಮೊಗಲರ ಕಾಲದಲ್ಲಿ ಮದ್ದಿನ ಉಗ್ರಾಣವಾಗಿ 1696ರಲ್ಲಿ ಸಿಡಿಲು ಬಡಿದು ಅರ್ಧ ಹಾರಿಹೋಯಿತು. ಬೀದರ್‌ಗೆ ಹೋದಾಗ ಎದುರಿನ ಒಂದೇ ಮಿನಾರ್ ಯಾಕೆ ಉಳಿದಿದೆ ಅಂತ ಯಾರಾದರೂ ಕೇಳಿದರೆ ಇದನ್ನ ಹೇಳಿ.

ಪೆಟ್ಲುಪ್ಪು ಎಲ್ಲಿ ಹುಟ್ಟುತ್ತಿತ್ತು?

ಗಂಧಕದ ದೊಡ್ಡ ನಿಕ್ಷೇಪ ನಮ್ಮ ನಾಡಿನಲ್ಲಿಲ್ಲ, ಹೊರಗಿಂದ ಬರಬೇಕು. ಆದರೆ ಬೇಕಾಗೋದು ಹತ್ತರಲ್ಲಿ ಒಂದು ಪಾಲು. ಇದ್ದಲು ಎಲ್ಲಿ ಬೇಕಾದರೂ ಸಿಗುತ್ತೆ. ಮುಕ್ಕಾಲು ಪಾಲಿನ ಪೆಟ್ಲುಪ್ಪು ಮಾತ್ರ ನಮ್ಮ ಕಾಲ ಕೆಳಗಿನ ಮಣ್ಣಿನಿಂದ ಬರುತ್ತಿತ್ತು.

ಹಳೆ ಮಣ್ಣಿನ ಗೋಡೆಯ ಬುಡದಲ್ಲಿ, ದನ ಕಟ್ಟುವ ಜಾಗದಲ್ಲಿ ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಉಕ್ಕೋದನ್ನ ನೀವು ನೋಡಿರಬಹುದು. ಸಗಣಿ, ಗಂಜಲ, ಕೊಳೆತ ಕಸದಲ್ಲಿನ ಸಾರಜನಕವನ್ನ ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ಮಳೆ ನಿಂತು ಬಿಸಿಲು ಬಿದ್ದಾಗ ನೀರಿನ ಜೊತೆ ಅದು ಮೇಲೆದ್ದು, ನೀರು ಆರಿ, ಉಪ್ಪು ಉಳಿಯುತ್ತೆ. ಪಾಳುಬಿದ್ದ ಊರಿನ ಹಾಳುಮಣ್ಣನ್ನ ರೈತರು ಹೊಲಕ್ಕೆ ಹೊಡೆಯೋದೂ ಇದೇ ಸತ್ವಕ್ಕೆ.

ಈ ಮಣ್ಣು ಕೆರೆದು, ನೀರಿನಲ್ಲಿ ಇಳಿಸಿ, ಸೋಸಿ, ಕುದಿಸಿ ಉಪ್ಪು ತೆಗೆಯುವುದು ಒಂದು ಕಸುಬಾಗಿತ್ತು. ಉಪ್ಪಾರರ ಹೆಸರಿನಲ್ಲೇ ಉಪ್ಪಿದೆ. ಅಡಿಗೆ ಉಪ್ಪು, ಪೆಟ್ಲುಪ್ಪು ಎರಡನ್ನೂ ಮಣ್ಣಿನಿಂದ ತೆಗೆಯುವುದು ಅವರ ಸಾಂಪ್ರದಾಯಿಕ ಕಸುಬುಗಳಲ್ಲಿ ಒಂದು.

ಇಲ್ಲೂ ಒಂದು ಮಿತಿಕಾರಕ ಅಡಗಿದೆ ನೋಡಿ. ಮಣ್ಣಿನಲ್ಲಿರುವ ನೈಟ್ರೇಟಿನ ದೊಡ್ಡ ಪಾಲು ಕ್ಯಾಲ್ಸಿಯಂ ನೈಟ್ರೇಟ್. ಅದು ಗಾಳಿಯ ತೇವ ಹೀರಿ ನೀರಾಗುತ್ತೆ, ಮದ್ದಿಗೆ ಬಾರದು. ಅದಕ್ಕೆ ಕಟ್ಟಿಗೆಯ ಬೂದಿ ಸೇರಿಸಬೇಕು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಜೊತೆ ಅದಲುಬದಲಾಗಿ ಸುಣ್ಣ ತಳಕ್ಕೆ ಕೂರುತ್ತೆ, ಪೆಟ್ಲುಪ್ಪು ನೀರಿನಲ್ಲಿ ಉಳಿಯುತ್ತೆ. ಲೆಕ್ಕ: 164 ಭಾಗ ಕ್ಯಾಲ್ಸಿಯಂ ನೈಟ್ರೇಟಿಗೆ 138 ಭಾಗ ಕಾರ್ಬೊನೇಟ್ ಸೇರಿದರೆ 202 ಭಾಗ ಪೆಟ್ಲುಪ್ಪು, 100 ಭಾಗ ಸುಣ್ಣ.

ಮಣ್ಣಿನ ನೀರಿನಲ್ಲಿ 82 ಕಿಲೋ ಕ್ಯಾಲ್ಸಿಯಂ ನೈಟ್ರೇಟ್ ಇದೆ, ಬೂದಿಯಿಂದ ಸಿಕ್ಕ ಕಾರ್ಬೊನೇಟ್ 46 ಕಿಲೋ ಅಂತಿಟ್ಟುಕೊಳ್ಳಿ. 82 / 164 = 0.5, 46 / 138 = 0.333. ಬೂದಿಯೇ ಮಿತಿ. ಪೆಟ್ಲುಪ್ಪು ಬರೋದು 202 x 0.333 = 67 ಕಿಲೋ. ಬೂದಿ ಸಾಕಷ್ಟಿದ್ದರೆ (69 ಕಿಲೋ) 101 ಕಿಲೋ ಬರುತ್ತಿತ್ತು. ಉಳಿದ 27 ಕಿಲೋ ಕ್ಯಾಲ್ಸಿಯಂ ನೈಟ್ರೇಟ್ ಸುಮ್ಮನೆ ಕೂರದೆ ಮಾಲಿನಲ್ಲೇ ಬೆರೆತು ಅದನ್ನ ಒದ್ದೆ ಮಾಡುತ್ತೆ. ಕಟ್ಟಿಗೆಯ ಬೂದಿಯಲ್ಲಿ ಕರಗುವ ಕಾರ್ಬೊನೇಟ್ ಸ್ವಲ್ಪವೇ ಇರೋದರಿಂದ ಗಾಡಿಗಟ್ಟಲೆ ಕಟ್ಟಿಗೆ ಬೇಕು, ಕುದಿಸೋಕೆ ಬೇರೆ ಕಟ್ಟಿಗೆ. ಕೋಟೆಯಲ್ಲಿ ಮಿತಿ ಪೆಟ್ಲುಪ್ಪಾದರೆ, ಪೆಟ್ಲುಪ್ಪಿನ ಒಲೆಯ ಮುಂದೆ ಮಿತಿ ಬೂದಿ. ಒಂದರ ಹಿಂದೆ ಒಂದು.

ಅಡಿಗೆ ಉಪ್ಪನ್ನ ಬೇರ್ಪಡಿಸುವ ಜಾಣತನವೂ ಇಲ್ಲಿದೆ. 100 ಗ್ರಾಂ ಕುದಿಯುವ ನೀರಿನಲ್ಲಿ ಪೆಟ್ಲುಪ್ಪು ಸುಮಾರು 245 ಗ್ರಾಂ ಕರಗುತ್ತೆ, 20 ಡಿಗ್ರಿಯಲ್ಲಿ 32 ಗ್ರಾಂ ಅಷ್ಟೇ. ಅಡಿಗೆ ಉಪ್ಪು ಬಿಸಿಯಲ್ಲೂ ತಂಪಲ್ಲೂ 36-39 ಗ್ರಾಂ. ಹಾಗಾಗಿ ಕುದಿಸುವಾಗ ಅಡಿಗೆ ಉಪ್ಪು ಮೊದಲು ತಳಕ್ಕೆ ಬೀಳುತ್ತೆ, ಆರಿಸಿದಾಗ ಪೆಟ್ಲುಪ್ಪಿನ ಹರಳು ಕಟ್ಟುತ್ತೆ. ಇದನ್ನ ಶಾಲೆ ಕಾಣದ ಜನ ಕೈಯಿಂದ ಕೈಗೆ ಕಲಿಸಿಕೊಂಡು ಬಂದರು.

ಒಂದು ದೇಶದ ಮಿತಿಕಾರಕ

ಇದೇ ಕೊರತೆ ಯುರೋಪನ್ನೂ ಕಾಡಿತ್ತು. ಇಂಗ್ಲೆಂಡಿನಲ್ಲಿ ರಾಜನ ಪೆಟ್ಲುಪ್ಪಿನ ಆಳುಗಳು ಜನರ ಮನೆಯ ನೆಲ, ಪಾರಿವಾಳದ ಗೂಡು ಅಗೆದುಹಾಕುತ್ತಿದ್ದರು. ಜನ ಅವರನ್ನ ಶಪಿಸುತ್ತಿದ್ದರು. ಫ್ರಾನ್ಸಿನಲ್ಲೂ ಮನೆ ಅಗೆಯುವ ಹಕ್ಕು ಇತ್ತು. ಬಿಹಾರದ ಪೆಟ್ಲುಪ್ಪು ಆ ಕಾಲದ ಜಗತ್ತಿನಲ್ಲೇ ಹೆಸರಾದ ಮಾಲು. 1757ರ ಪ್ಲಾಸಿ ಕದನದ ಮರುವರ್ಷವೇ ಕಂಪನಿ ಅದರ ಏಕಸ್ವಾಮ್ಯ ಪಡೆಯಿತು. 1763ಕ್ಕೆ ಮುಗಿದ ಏಳು ವರ್ಷದ ಯುದ್ಧದಲ್ಲಿ ಫ್ರಾನ್ಸ್ ಮದ್ದಿನ ಕೊರತೆಯಿಂದ ನರಳಿತು.

ಆ ಕೊರತೆ ನೀಗಿಸಲು 1775ರಲ್ಲಿ ಫ್ರೆಂಚ್ ಸರ್ಕಾರ ಮದ್ದಿನ ಆಡಳಿತ ಮಂಡಳಿ ರಚಿಸಿತು. ಅದರಲ್ಲಿ ಒಬ್ಬ ಯಾರು ಗೊತ್ತಾ? ಅಂತ್ವಾನ್ ಲಾವೊಸಿಯೇ! ಕ್ರಿಯೆಯ ಮೊದಲೂ ನಂತರವೂ ಒಟ್ಟು ತೂಕ ಒಂದೇ ಅಂತ ತಕ್ಕಡಿ ಹಿಡಿದು ತೋರಿಸಿದ, ನಮ್ಮ ಪಠ್ಯಪುಸ್ತಕದ ಅದೇ ಲಾವೊಸಿಯೇ. ಅವನು 1794ರಲ್ಲಿ ಗಿಲೋಟಿನ್‌ಗೆ ತಲೆಕೊಟ್ಟ. ಅದಕ್ಕೆ ಎರಡು ವರ್ಷ ಮೊದಲು, 1792ರಲ್ಲಿ, ಜರ್ಮನಿಯ ರಿಕ್ಟರ್ 'ಸ್ಟಾಯ್ಕಿಯೊಮೆಟ್ರಿ' ಅನ್ನೋ ಪದ ಹುಟ್ಟಿಸಿದ. 1808ರಲ್ಲಿ ಡಾಲ್ಟನ್ ಪರಮಾಣು ತೂಕಗಳನ್ನ ಪುಸ್ತಕದಲ್ಲಿ ತಂದ. ಹೀಗೆ ನಾವು ಪರೀಕ್ಷೆಯಲ್ಲಿ ಬೈದುಕೊಂಡು ಬಿಡಿಸಿದ ಲೆಕ್ಕ ತಯಾರಾಯಿತು.

ನಮ್ಮಲ್ಲಿ ಅದೇ ಹೊತ್ತಿಗೆ ಹೈದರ್, ಟಿಪ್ಪುವಿನ ಬಾಣಗಳು ಹಾರುತ್ತಿದ್ದವು. 1780ರ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳೇ ಸಿಡಿದು ಬೇಯ್ಲಿಯ ಪಡೆ ನಾಶವಾಯಿತು. ಟಿಪ್ಪುವಿನ ಬಾಣದ ಕಬ್ಬಿಣದ ಕೊಳವೆ ಬಗ್ಗೆ ಎಷ್ಟೋ ಬರಹ ಬಂದಿವೆ. ಆ ಕೊಳವೆ ತುಂಬಿದ ಪೆಟ್ಲುಪ್ಪು ಕೆರೆದವರ ಬಗ್ಗೆ ನಾನು ಓದಿದ ಸಾಲುಗಳನ್ನ ಬೆರಳಲ್ಲಿ ಎಣಿಸಬಹುದು.

ನನ್ನ ತಕರಾರು ಇಷ್ಟೇ. ಮಲಿಕ್-ಎ-ಮೈದಾನ್ ಎರಕ ಹೊಯ್ದವನ ಹೆಸರು, ಮುಹಮ್ಮದ್ ಬಿನ್ ಹುಸೇನ್ ರೂಮಿ, ಫಿರಂಗಿಯ ಮೇಲೇ ಕೆತ್ತಿದೆ. ಸುಲ್ತಾನರ ಹೆಸರು ಸರಿ, ಎಲ್ಲ ಕಡೆ ಇದೆ. ಲೆಕ್ಕದ ಪ್ರಕಾರ ಇಡೀ ತೋಪುಖಾನೆ ಯಾರ ಕೈಯಲ್ಲಿ ನಿಂತಿತ್ತೋ, ಆ ಹಳ್ಳಿಯ ಜನರ ಒಂದು ಹೆಸರೂ ಇಲ್ಲ. "1366ರಲ್ಲಿ ನಮ್ಮಲ್ಲೇ ಮೊದಲು" ಅಂತ ಜಗಳವಾಡೋ ಬದಲು, ಯಾವ ಊರಿನಿಂದ ಎಷ್ಟು ಪೆಟ್ಲುಪ್ಪು ಬರುತ್ತಿತ್ತು, ಅದಕ್ಕೆ ಕೂಲಿ ಕೊಡುತ್ತಿದ್ದರೋ ಬಿಟ್ಟಿ ದುಡಿಸುತ್ತಿದ್ದರೋ ಅಂತ ಹಳೆ ಕಡತ ಹುಡುಕುವವರು ಬೇಕು. ಫಾರಸಿ, ಮೋಡಿ ಲಿಪಿ ಬಲ್ಲವರು ಯಾರಾದರೂ ಈ ಕೆಲಸ ಕೈಗೆತ್ತಿಕೊಂಡರೆ ಎಷ್ಟು ಚೆನ್ನ!

ಅಲ್ಲಿಯವರೆಗೆ ನಮ್ಮಂಥವರು ಮಾಡಬಹುದಾದದ್ದು ಸಣ್ಣದು. ನಿಮ್ಮ ಊರಿನಲ್ಲಿ ಪೆಟ್ಲುಪ್ಪಿಗೆ ಬೇರೆ ಹೆಸರಿದೆಯೇ? 'ಉಪ್ಪಿನ' ಅಂತ ಶುರುವಾಗುವ ದಿಬ್ಬ, ಹಳ್ಳ, ಓಣಿ ಇದೆಯೇ? ಮಣ್ಣಿನಿಂದ ಉಪ್ಪು ತೆಗೆದ ಕಥೆ ಮನೆಯ ಹಿರಿಯರು ಹೇಳಿದ್ದುಂಟೇ? ಗೊತ್ತಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಊರಿನ ಹೆಸರು ಸಮೇತ. ಎಲ್ಲ ಒಟ್ಟು ಮಾಡಿ ಇನ್ನೊಂದು ಪೋಸ್ಟ್ ಹಾಕುತ್ತೇನೆ. 'ಮಿತಿಕಾರಕ'ಕ್ಕೆ ಒಳ್ಳೆಯ ಪದ ಸೂಚಿಸುವುದನ್ನೂ ಮರೀಬೇಡಿ :-)